ಸೋಮವಾರ ಕಟ್ಟದ ಜೋಡಿ

ಇದನ್ನು ಹೇಳಲು ನೀನು ಯಾರು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ಮೊದಲೇ ಕ್ಷಮೆ ಕೇಳಿಕೊಂಡುಬಿಡುತ್ತೇನೆ. ನಾನು ಎಂಜಿನಿಯರ್ ಅಲ್ಲ. ಪಾಂಡವಪುರದಲ್ಲಿ ಕೆಲಸಕ್ಕಿದ್ದಾಗ ಎರಡು ವರ್ಷ ಸಂಜೆ ಬಸ್ಸು ಹತ್ತಿ ಮಂಡ್ಯಕ್ಕೆ ಹೋಗಿ ಕರೆಂಟಿನ ಕೆಲಸದ ತರಗತಿಯಲ್ಲಿ ಕೂತವನು, ಅಷ್ಟೆ. ಅದರಲ್ಲೂ ಕೊನೆಯ ಬಸ್ಸು ತಪ್ಪೀತೆಂಬ ಭಯಕ್ಕೆ ದಿನವೂ ಕಾಲು ಗಂಟೆ ಮೊದಲೇ ಎದ್ದುಬರುತ್ತಿದ್ದೆ. ಆ ಕಾಲು ಗಂಟೆಗಳಲ್ಲಿ ಮೇಷ್ಟರು ಏನೇನು ಹೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಗೋವಿಂದನಹಳ್ಳಿಯ ಜವರಯ್ಯನವರು ಬ್ಯಾಟರಿ ಹಾಳುಮಾಡಿದ ಕತೆ ಹೇಳಿಕೊಂಡು ನಮ್ಮ ಅಂಗಡಿಗೆ ಬರುವವರು ಈಗಲೂ ನಗುತ್ತಾರೆ. ನಗುವವರಿಗೆ ಅರ್ಧ ವಿಷಯ ಗೊತ್ತಿಲ್ಲ. ಆ ಅರ್ಧ ನನ್ನದು.

ತೊಂಬತ್ತಾರನೇ ಇಸವಿ, ದೀಪಾವಳಿ ಕಳೆದ ವಾರ. ನಾನಾಗ ಕೆ.ಆರ್. ಪೇಟೆಯಲ್ಲಿ ಶಹಾಬುದ್ದೀನ್ ಸಾಹೇಬರ ಬ್ಯಾಟರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಒಂದು ಬೆಳಿಗ್ಗೆ ಟೆಂಪೊದಿಂದ ಹೊಸ ಬಗೆಯ ಗಾಡಿಯೊಂದು ನಮ್ಮ ಬಾಗಿಲಿಗೆ ಇಳಿಯಿತು. ನೋಡಲು ಮೊಪೆಡ್ಡಿನ ಹಾಗೇ ಇತ್ತು, ಆದರೆ ಪೆಟ್ರೋಲ್ ಟ್ಯಾಂಕಿಲ್ಲ, ಹೊಗೆ ಕೊಳವೆಯಿಲ್ಲ. ಹಿಂದಿನ ಚಕ್ರದ ಎರಡು ಪಕ್ಕದಲ್ಲೂ ಆಸರೆಗೆಂದು ಪುಟ್ಟ ಚಕ್ರಗಳು. ಮೈಸೂರಿನಲ್ಲಿ ಯಾರೋ ಒಂದು ಸಣ್ಣ ಶೆಡ್ಡಿನಲ್ಲಿ ಕೈಯಾರೆ ಮಾಡಿ ಮಾರುತ್ತಿದ್ದ ಬ್ಯಾಟರಿ ಬೈಕು ಅದು. ಸೀಟಿನ ಕೆಳಗೆ ಹನ್ನೆರಡು ವೋಲ್ಟಿನ ಎರಡು ಬ್ಯಾಟರಿ ಪಕ್ಕಪಕ್ಕ ಕೂತಿದ್ದವು.

ಜೊತೆಯಲ್ಲಿ ಬಂದವರು ಜವರಯ್ಯ ಮತ್ತು ಅವರ ಮಗಳು ಮಂಗಳ. ಜವರಯ್ಯನವರಿಗೆ ಅರವತ್ತು ದಾಟಿತ್ತು. ಆಲೆಮನೆಗಳಿಗೆ ಕಬ್ಬು ಹೇರಿಕೊಂಡು ಎತ್ತಿನ ಗಾಡಿ ಹೊಡೆದೇ ಬದುಕಿದವರು. ಮಂಗಳಳಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಸೋತಿತ್ತು. ಶಾಲೆ ಮುಗಿಯುವವರೆಗೂ ಅಪ್ಪನೇ ಗಾಡಿಯಲ್ಲಿ ಹುಲ್ಲು ಹಾಸಿ ಕೂರಿಸಿಕೊಂಡು ಹೋಗಿ ಬಿಡುತ್ತಿದ್ದರಂತೆ. ಈಗ ಅವಳಿಗೆ ಕಿಕ್ಕೇರಿಯ ಹೊಲಿಗೆ ತರಬೇತಿ ಕೇಂದ್ರದಲ್ಲಿ ಕಲಿಸುವ ಕೆಲಸ ಸಿಕ್ಕಿತ್ತು. ಊರಿಂದ ಐದಾರು ಕಿಲೋಮೀಟರು. ಬಸ್ಸಿನ ಮೆಟ್ಟಿಲು ಅವಳ ಕಾಲಿಗೆ ಎತ್ತರ, ಕಂಡಕ್ಟರಿಗೆ ಕಾಯುವಷ್ಟು ಹೊತ್ತಿಲ್ಲ. ಈ ಗಾಡಿಗಾದರೆ ಒದೆಯಬೇಕಿಲ್ಲ, ತುಳಿಯಬೇಕಿಲ್ಲ, ಕೈಯಲ್ಲಿ ತಿರುಗಿಸಿದರೆ ಸಾಕು. ಜವರಯ್ಯನವರು ತಮ್ಮ ಎತ್ತಿನ ಜೋಡಿಯನ್ನು ಮಾರಿ ಇದನ್ನು ತಂದಿದ್ದರು.

"ಮೇಷ್ಟ್ರೇ, ಬಾ ಇಲ್ಲಿ," ಎಂದು ಸಾಹೇಬರು ನನ್ನನ್ನು ಕರೆದರು. ನನ್ನ ಹೆಸರು ಚೌಡ, ಆದರೆ ಸಂಜೆ ತರಗತಿಗೆ ಹೋದವನೆಂದು ಅವರು ನನ್ನನ್ನು ಕರೆಯುವುದೇ ಹಾಗೆ. "ಇವ್ರಿಗೆ ಬ್ಯಾಟ್ರಿ ನೋಡ್ಕಳೋದು ಎಂಗೆ ಅಂತ ಏಳ್ಕೊಡು. ಪುಸ್ತಕ ಓದ್ಬೇಡ ಬೇಟಾ, ಏಳ್ಕೊಡು."

ನಾನು ಪುಸ್ತಕವನ್ನೇ ಓದಿದೆ. ಸೀಸದ ಫಲಕ, ಗಂಧಕಾಮ್ಲ, ಸಾಪೇಕ್ಷ ಸಾಂದ್ರತೆ. ಜವರಯ್ಯನವರು ತಲೆಯಾಡಿಸುತ್ತಲೇ ಇದ್ದರು, ಅರ್ಥವಾಗದವರು ಮರ್ಯಾದೆಗೆ ತಲೆಯಾಡಿಸುವಂತೆ. ಮಂಗಳ ನೆಲ ನೋಡುತ್ತ ನಗು ತಡೆದುಕೊಳ್ಳುತ್ತಿದ್ದಳು. ಆಗ ಹೊಳೆದ ಮಾತು ನನ್ನ ಜೀವನದಲ್ಲೇ ಬುದ್ಧಿವಂತಿಕೆಯದು ಎಂದು ಆ ದಿನ ಅಂದುಕೊಂಡೆ.

"ದೊಡ್ಡಯ್ಯ, ಇದನ್ನ ಎತ್ತು ಅಂದ್ಕೊಳಿ," ಎಂದೆ.

ಮುದುಕನ ಮುಖ ಅರಳಿತು. "ಅಂಗ್ ಏಳಪ್ಪ ಮತ್ತೆ. ಎರಡವೆ. ಜೋಡಿ."

"ಹೌದು, ಜೋಡಿ. ಒಂದರ ತಂತಿ ಇನ್ನೊಂದಕ್ಕೆ ಕಟ್ಟಿದೆಯಲ್ಲ, ಅದೇ ನೊಗ. ಒಂದು ಸೋತರೆ ಇನ್ನೊಂದೂ ನಿಂತುಹೋಗುತ್ತೆ."

"ಅದೇನ್ ಏಳ್ಕೊಡ್ಬೇಕಾ? ಮುಂದ್ಕೇಳು."

ಹೇಳಿದೆ. ಒಳಗೆ ಸೀಸದ ಫಲಕಗಳಿವೆ, ಅವು ಆಸಿಡ್ಡಿನಲ್ಲಿ ಮುಳುಗಿವೆ. ಗಾಡಿ ಓಡುವಾಗ ಆಸಿಡ್ಡಿನ ಸತ್ವ ಫಲಕದೊಳಕ್ಕೆ ಇಳಿಯುತ್ತ ಹೋಗುತ್ತದೆ, ಉಳಿಯುವುದು ಬರೀ ನೀರಿನಂಥದ್ದು. ಚಾರ್ಜಿಗೆ ಹಾಕಿದರೆ ಆ ಸತ್ವ ವಾಪಸು ಬರುತ್ತದೆ. ಕರೆಂಟೇ ಅದರ ಹುರುಳಿ. ದುಡಿದು ಬಂದ ಕೂಡಲೇ ಕೊಡಬೇಡಿ, ಮೈ ಬಿಸಿ ಇರುತ್ತೆ, ಅರ್ಧ ಗಂಟೆ ಆರಲಿ. ಅತಿಯಾಗಿ ಕೊಟ್ಟರೆ ಹೊಟ್ಟೆ ಉಬ್ಬುತ್ತೆ, ಗಾಳಿ ಏಳುತ್ತೆ. ಗುಳ್ಳೆ ಬರೋಕೆ ಶುರುವಾದಮೇಲೆ ಸ್ವಲ್ಪ ಹೊತ್ತಿಗೆ ನಿಲ್ಲಿಸಿ. ಆ ಗಾಳಿಗೆ ಬೀಡಿ ಕಿಡಿ ತಾಗಿದರೆ ಸಿಡಿಯುತ್ತೆ, ಹತ್ತಿರ ಹಚ್ಚಬೇಡಿ. ಬಾಯಾರಿದರೆ ಡಿಸ್ಟಿಲ್ಡ್ ವಾಟರು ಮಾತ್ರ. ಬೋರಿನ ನೀರು, ಕಾವೇರಿ ನೀರು, ಯಾವ ತೀರ್ಥವೂ ಬೇಡ. ಪೂರ್ತಿ ಸುಸ್ತಾಗುವವರೆಗೆ ಓಡಿಸಬೇಡಿ, ನಾಲ್ಕಾಣೆ ಶಕ್ತಿ ಉಳಿಸಿ ಮನೆ ಸೇರಿಸಿ.

"ಮೂತಿಗೆ?" ಎಂದು ಟರ್ಮಿನಲ್ಲನ್ನು ಮುಟ್ಟಿ ಕೇಳಿದರು.

"ಒರೆಸಿ ವ್ಯಾಸ್ಲೀನು ಸವರಿ. ಬಿಳೀ ಹೂವಿನಂಥದ್ದು ಕಟ್ಟಬಾರದು."

"ಮಂಗಳೀ, ನೋಡ್ದಾ? ಎಲ್ಲಾ ನಂಗೆ ಗೊತ್ತಿರೋದೇ ಏಳ್ತಾವ್ನೆ ಈ ಐಕ."

"ನಿಂಗೊತ್ತಿಲ್ದೇ ಇರೋದು ಏನದೆ ಬುಡಪ್ಪ," ಎಂದಳು ಮಂಗಳ.

ಅವರು ಹೋದ ಮೇಲೆ ಸಾಹೇಬರು ನನ್ನ ಬೆನ್ನು ತಟ್ಟಿದರು. ನಾನು ಆ ದಿನ ಎರಡು ಟೀ ಕುಡಿದೆ.

ತಿಂಗಳಿಗೊಮ್ಮೆ ಹೋಗಿ ಬ್ಯಾಟರಿ ನೋಡಿಕೊಂಡು ಬರುವ ಕೆಲಸವನ್ನು ಸಾಹೇಬರು ನನಗೇ ಒಪ್ಪಿಸಿದ್ದರು. ನಮ್ಮ ಅಂಗಡಿಗೆ ಶುಕ್ರವಾರ ರಜೆ. ಹಾಗಾಗಿ ನಾನು ಹೋಗುತ್ತಿದ್ದದ್ದೂ ಶುಕ್ರವಾರವೇ. ಹೈಡ್ರೋಮೀಟರನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂರುತ್ತಿದ್ದೆ. ಅದೊಂದು ಗಾಜಿನ ಕೊಳವೆ. ಬ್ಯಾಟರಿಯ ಒಂದೊಂದು ಮನೆಯಿಂದಲೂ, ಅಂದರೆ ಸೆಲ್ಲಿನಿಂದಲೂ, ಸ್ವಲ್ಪ ಆಸಿಡ್ ಹೀರಿ ನೋಡಿದರೆ ಒಳಗಿನ ತೇಲುಗಡ್ಡಿ ಶಕ್ತಿ ಎಷ್ಟಿದೆಯೆಂದು ತೋರಿಸುತ್ತದೆ. ತುಂಬಿದ್ದರೆ ಸಾವಿರದ ಇನ್ನೂರೈವತ್ತು, ಬರಿದಾಗಿದ್ದರೆ ಸಾವಿರದ ನೂರೈವತ್ತು.

"ಒಂದ್ ಬ್ಯಾಟ್ರಿ ನೋಡಕ್ಕೆ ಬಾಚಣಿಗೆ ಯಾಕ್ಲಾ ಮೇಷ್ಟ್ರೇ?" ಎಂದು ಸಾಹೇಬರು ರೇಗಿಸುತ್ತಿದ್ದರು. ನಾನು ಬಾಚಣಿಗೆಯನ್ನು ಜೇಬಿನೊಳಕ್ಕೆ ತಳ್ಳಿ ಬಸ್ಸಿಗೆ ಹೊರಡುತ್ತಿದ್ದೆ.

ಮಾರಿದ ಎತ್ತುಗಳಿದ್ದ ಕೊಟ್ಟಿಗೆಯಲ್ಲೇ ಗಾಡಿ ನಿಲ್ಲುತ್ತಿತ್ತು. ಗೋದಲಿಯ ಕಲ್ಲಿನ ಮೇಲೆ ಚಾರ್ಜರು. ಕಿಟಕಿಗೆ ಅಡ್ಡವಿದ್ದ ಗೋಣಿಚೀಲವನ್ನು ಗಾಳಿಯಾಡಲೆಂದು ಕಿತ್ತು ಹಾಕಿದ್ದರು. ಬಲಗಡೆಯ ಬ್ಯಾಟರಿಗೆ ಕರಿಯ, ಎಡಗಡೆಯದಕ್ಕೆ ಮೈಲ ಎಂದು ಹೆಸರು. ಮಾರಿದ ಎತ್ತುಗಳ ಹೆಸರೇ ಅವು. ಎರಡಕ್ಕೂ ಒಂದೊಂದು ಅರಿಶಿನದ ಬೊಟ್ಟು. ಡಿಸ್ಟಿಲ್ಡ್ ವಾಟರಿನ ಬಾಟಲಿಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದರು, ಯಾರೂ ಕುಡಿಯಬಾರದೆಂದು.

"ನಂಗ್ ಜರ ಬಂದ್ರೆ ಒಂದ್ ಲೋಟ ಕಾಪಿ ಕೇಳೋರಿಲ್ಲ," ಎಂದು ಜವರಯ್ಯನವರ ಹೆಂಡತಿ ದ್ಯಾವಮ್ಮ ನನಗೆ ಮುದ್ದೆ ಬಡಿಸುತ್ತ ಹೇಳುತ್ತಿದ್ದರು. "ಆ ಡಬ್ಬಗಳ್ ಮೈ ಮುಟ್ಟಿ ಮುಟ್ಟಿ ನೋಡ್ತಾನೆ, ಬಿಸಿ ಆರ್ತಾ ಅಂತ."

"ನೀನು ಮಗಳ್ನ ಕಿಕ್ಕೇರಿಗೆ ಎಳ್ಕೊಂಡ್ ಓದೀಯಾ? ಎಳ್ಕೊಂಡ್ ಓಗು, ನಿನ್ನ ಮೈಯೂ ಮುಟ್ಟಿ ನೋಡ್ತೀನಿ," ಎನ್ನುತ್ತಿದ್ದರು ಜವರಯ್ಯ.

ಸಂಜೆ ಐದೂವರೆಗೆ ಸದ್ದೇ ಇಲ್ಲದೆ ಗಾಡಿ ಬಂದು ಅಂಗಳದಲ್ಲಿ ನಿಲ್ಲುತ್ತಿತ್ತು. ಮಂಗಳ ಅದರ ಮೇಲೆ ಕೂತ ರೀತಿಯನ್ನು ನಾನು ಹೇಳಬಾರದೇನೋ. ನೆಲದ ಮೇಲೆ ಒಂದು ಹೆಗಲು ತಗ್ಗಿಸಿ ನಡೆಯುವವಳು ಗಾಡಿಯ ಮೇಲೆ ನೇರವಾಗಿ ಕೂರುತ್ತಿದ್ದಳು. ಅಷ್ಟು ಹೇಳಿ ಬಿಡುತ್ತೇನೆ.

ನಾಲ್ಕನೇ ತಿಂಗಳಲ್ಲಿ ತೇಲುಗಡ್ಡಿ ಸಾವಿರದ ಇನ್ನೂರ ನಲವತ್ತು ತೋರಿಸಿತು. ಆರನೆಯದರಲ್ಲಿ ಇನ್ನೂರಿಪ್ಪತ್ತೈದು. ಬೇರೆ ಯಾರಾದರೂ ಆಗಿದ್ದರೆ ಬ್ಯಾಟರಿಗೇನೋ ಆಗುತ್ತಿದೆ ಎಂದು ಆಗಲೇ ಕೇಳುತ್ತಿದ್ದರು. ನನಗೆ ಮೊದಲು ಬರುವ ಅನುಮಾನವೆಲ್ಲ ನನ್ನ ಮೇಲೇ. ಮೀಟರನ್ನು ಸರಿಯಾಗಿ ತೊಳೆದಿಲ್ಲ, ಗೆರೆಯನ್ನು ಓರೆಯಾಗಿ ಓದಿದೆ, ಬಿಸಿಲಿಗೆ ಹಾಗೆ ತೋರಿಸುತ್ತದೇನೋ ಎಂದುಕೊಂಡು ಸುಮ್ಮನಾದೆ. ಕೇಳಿದರೆ ನನಗೇನೂ ತಿಳಿಯದು ಎಂಬುದು ಬಯಲಾದೀತು ಎಂಬ ಅಳುಕೂ ಇತ್ತು.

ಎಂಟನೇ ತಿಂಗಳು, ಜೂನ್ ಕೊನೆಯಲ್ಲಿ, ಕಿಕ್ಕೇರಿ ಕೆರೆಯ ಹತ್ತಿರದ ಏರಿನಲ್ಲಿ ಗಾಡಿ ನಿಂತುಹೋಯಿತು. ಒಂದೇ ವಾರದಲ್ಲಿ ಎರಡು ಸಲ. ಎರಡು ಸಲವೂ ಮಂಗಳ ದಾರಿಯಲ್ಲಿ ಹೋಗುವವರ ಕಾಲು ಹಿಡಿದಂತೆ ಮಾಡಿ ತಳ್ಳಿಸಿಕೊಂಡು ಹೋದದ್ದರಿಂದ ತಡವಾಯಿತು. ಇನ್ನೊಂದು ಸಲ ತಡವಾದರೆ ನಾಗಮಂಗಲದಿಂದ ಬೇರೆಯವರನ್ನು ಕರೆಸಿಕೊಳ್ಳುವುದಾಗಿ ಕೇಂದ್ರದ ಮುಖ್ಯಸ್ಥೆ ಹೇಳಿದ್ದರಂತೆ. ಜವರಯ್ಯನವರು ಅಂಗಡಿಗೆ ಹೇಳಿಕಳಿಸಿದರು. ಶುಕ್ರವಾರದವರೆಗೆ ಕಾಯುವಂತಿರಲಿಲ್ಲ. ಸಾಹೇಬರನ್ನು ಕೇಳಿಕೊಂಡು ನಾನು ಸೋಮವಾರ ಮಧ್ಯಾಹ್ನ ಹೊರಟೆ.

ಕೊಟ್ಟಿಗೆಯಲ್ಲಿ ಗಾಡಿ ನಿಂತಿತ್ತು. ಮಂಗಳ ಇರಲಿಲ್ಲ. ಜವರಯ್ಯನವರು ಜಗುಲಿಯ ಮೇಲೆ ಕಾಲು ಚಾಚಿ ಕೂತು ಪಾದಕ್ಕೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮೀಟರು ಹಾಕಿ ನೋಡಿದೆ. ಕರಿಯನಲ್ಲಿ ನೂರ ಎಪ್ಪತ್ತು, ಮೈಲನ ಒಂದು ಮನೆಯಲ್ಲಿ ನೂರ ಮೂವತ್ತು. ಮುಚ್ಚಳ ತೆಗೆದು ಟಾರ್ಚು ಬಿಟ್ಟರೆ ಫಲಕದ ಅಂಚಿನಲ್ಲಿ ಬೂದಿ ಮೆತ್ತಿದಂಥ ಬಿಳುಪು.

"ದೊಡ್ಡಯ್ಯ, ಶನಿವಾರ ಸಂಜೆ ಚಾರ್ಜಿಗೆ ಹಾಕಿದ್ರಾ?"

"ಇಲ್ಲ ಕಣಪ್ಪ."

"ನಿನ್ನೆ?"

"ಭಾನ್ವಾರ ರಜ. ಸುಮ್ನೆ ನಿಂತಿರೋದಕ್ಕೆ ಯಾರಾದ್ರೂ ಉಳ್ಳಿ ಕೊಟ್ಟಾರಾ?"

"ಇವತ್ತು?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಸೋಮಾರ ಕಣ್ಲಾ ಚೌಡ. ಸೋಮಾರ ಯಾರಾನಾ ಎತ್ತು ಕಟ್ಟಾರಾ? ಬಸವಣ್ಣನ ದಿನ. ಕಟ್ಟದ ಎತ್ಗೆ ಉಳ್ಳಿ ತಿನ್ಸುದ್ರೆ ವಟ್ಟೆ ಉಬ್ಬರ ಬತ್ತದೆ. ನೀನೇ ಏಳಿದ್ದಲ್ಲ, ಉಬ್ತದೆ ಅಂತ. ಸೋಮಾರ ಸಂಜೆ ದೀಪ ಅಚ್ಚಿದ್ ಮ್ಯಾಲೆ ಕೊಡ್ತೀನಿ. ಮಂಗಳವಾರಕ್ಕೆ ತಯಾರು."

ನಾನು ಗೋದಲಿಯ ಮೇಲೆ ಕೂತುಬಿಟ್ಟೆ. ಶನಿವಾರ ಮಂಗಳ ವಾರದ ಬಟ್ಟೆಗಂಟು ಹೇರಿಕೊಂಡು ಬರುವ ದಿನ. ಬ್ಯಾಟರಿ ಹೆಚ್ಚು ಬರಿದಾಗುವುದು ಅವತ್ತೇ. ಹಾಗೆ ಬರಿದಾದದ್ದನ್ನು ಎರಡು ದಿನ ಹಸಿದ ಹೊಟ್ಟೆಯಲ್ಲಿ ನಿಲ್ಲಿಸಿದ್ದಾರೆ, ವಾರವಾರವೂ, ಎಂಟು ತಿಂಗಳು. ಬರಿದಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಫಲಕಕ್ಕೆ ಇಳಿದ ಸತ್ವ ಅಲ್ಲೇ ಗಟ್ಟಿಯಾಗಿ ಕಲ್ಲುಕಟ್ಟುತ್ತದೆ, ಮತ್ತೆ ಆಸಿಡ್ಡಿಗೆ ಇಳಿಯುವುದಿಲ್ಲ. ಎತ್ತಿಗೂ ಬ್ಯಾಟರಿಗೂ ಇರುವ ವ್ಯತ್ಯಾಸ ಅದೊಂದೇ ಇರಬೇಕು: ಎತ್ತು ನಿಂತರೆ ಸುಧಾರಿಸಿಕೊಳ್ಳುತ್ತದೆ, ಬರಿದಾದ ಬ್ಯಾಟರಿ ನಿಂತರೆ ಸಾಯುತ್ತದೆ. ಆ ಒಂದನ್ನೇ ನಾನು ಹೇಳಿರಲಿಲ್ಲ. ಶುಕ್ರವಾರ ಶುಕ್ರವಾರ ಬಂದು, ಸೋಮವಾರ ಸಂಜೆಯಿಂದ ದಿನವೂ ಚೆನ್ನಾಗಿ ಉಂಡ ಬ್ಯಾಟರಿ ನೋಡಿ, ಮುದ್ದೆ ಉಂಡು ಹೋಗಿದ್ದೆ.

"ಮತ್ತೆ ಸೋಮವಾರ ಮಂಗಳಮ್ಮನೋರು ಕೆಲಸಕ್ಕೆ ಹೆಂಗೆ ಹೋಗ್ತಾರೆ?"

ಒಳಗಿಂದ ದ್ಯಾವಮ್ಮ ಹೇಳಿದರು: "ಇನ್ನೆಂಗೆ? ಈವಯ್ಯನೇ ಸೈಕಲ್ ಮ್ಯಾಲೆ ಕೂರಿಸ್ಕಂಡು ತಳ್ಕೊಂಡು ಓಯ್ತಾನೆ. ಏಳ್ಗಂಟೆಗೇ ಒಂಟೋಯ್ತಾರೆ. ಸಂಜೆ ತಿರ್ಗಾ ಓಗಿ ಕರ್ಕಂಬತ್ತಾನೆ. ಎತ್ಗೆ ರಜ, ಇವ್ನಿಗೆ ರಜ ಇಲ್ಲ."

ತಪ್ಪು ನನ್ನದೆಂದು ಹೇಳಿದೆ. ಎರಡು ಸಲ ಹೇಳಿದೆ. ಜವರಯ್ಯನವರು ಕೇಳಿಸಿಕೊಂಡು ಎಣ್ಣೆ ಕೈಯನ್ನು ಪಂಚೆಗೆ ಒರೆಸಿಕೊಂಡರು. ಕೊಟ್ಟಿಗೆಗೆ ಹೋಗಿ ಮೈಲನ ಮೇಲೆ ಕೈಯಿಟ್ಟರು.

"ಅಸ್ಕೊಂಡಿದ್ವಾ ಅಂಗಾರೆ ಇವು," ಎಂದರು. ಅಷ್ಟೇ.

ಎರಡನ್ನೂ ಬಿಚ್ಚಿಕೊಂಡು, ಎತ್ತಿ ನಿಲ್ಲಿಸಿಯೇ ಇಟ್ಟು, ಬಸ್ಸಿನಲ್ಲಿ ಅಂಗಡಿಗೆ ತಂದೆ. ಸಾಹೇಬರು ಮುಚ್ಚಳ ತೆಗೆದು ನೋಡಿ, "ಓಗ್ಬುಟ್ಟವ್ಲಾ. ಹೊಸಾದು ಆಕ್ಸು," ಎಂದರು.

"ಒಂದು ವಾರ ಕೊಡಿ ಸಾಹೇಬ್ರೇ."

"ಅವರ ಹತ್ರ ಈಗ ಹೊಸದಕ್ಕೆ ಆಗಕಿಲ್ಲ ಅಂತ ನಂಗೂ ಗೊತ್ತು ಬೇಟಾ. ಆದ್ರೆ ಕಲ್ಲು ಕರಗ್ತದಾ?"

ಕರಗಬಹುದು ಎಂದು ಎಲ್ಲೋ ಓದಿದ್ದೆ. ನಿಧಾನಕ್ಕೆ, ತೀರ ಸಣ್ಣ ಕರೆಂಟಿನಲ್ಲಿ, ದಿನಗಟ್ಟಲೆ ಕೊಟ್ಟರೆ. ಬಹುಶಃ ನಾನು ಎದ್ದುಬಂದ ಕಾಲು ಗಂಟೆಯಲ್ಲಿ ಅದನ್ನೇ ವಿವರಿಸಿದ್ದರೋ ಏನೋ. ಸಾಹೇಬರು ಸಣ್ಣ ಚಾರ್ಜರೊಂದನ್ನು ನನಗೆ ಬಿಟ್ಟುಕೊಟ್ಟರು. ಎರಡು ದಿನ ಕೊಟ್ಟು, ಲಾರಿಯ ಬಲ್ಬು ಹಚ್ಚಿ ಬರಿದು ಮಾಡಿ, ಕೂಡಲೇ ಮತ್ತೆ ಎರಡು ದಿನ ಕೊಟ್ಟೆ. ಕರೆಂಟು ಹೋದಾಗಲೆಲ್ಲ ಗಡಿಯಾರ ನೋಡಿ ಬರೆದಿಟ್ಟುಕೊಂಡೆ. ಮೈ ಬಿಸಿಯಾಯಿತೇ ಎಂದು ಗಂಟೆಗೊಮ್ಮೆ ಮುಟ್ಟಿ ನೋಡುತ್ತಿದ್ದೆ.

"ಮುದುಕನ ರೋಗ ನಿಂಗೂ ಅಂಟ್ಕಂತು," ಎಂದರು ಸಾಹೇಬರು. ಆದರೆ ಶುಕ್ರವಾರದ ರಜೆಯ ದಿನ ನಮಾಜು ಮುಗಿಸಿ ಅವರೂ ಬಂದು ಒಂದು ಸಲ ಮುಟ್ಟಿ ನೋಡಿ ಹೋದರು.

ಆ ವಾರವೆಲ್ಲ ಜವರಯ್ಯನವರು ದಿನವೂ ಮಗಳನ್ನು ಸೈಕಲ್ಲಿನ ಮೇಲೆ ಕೂರಿಸಿ ತಳ್ಳಿಕೊಂಡು ಹೋದರು. ಹೋಗಿ ಬಂದು, ಸಂಜೆ ಮತ್ತೆ ಹೋಗಿ ಬಂದು. ಶನಿವಾರ ಮಂಗಳ ಅಂಚೆ ಕಚೇರಿಯಿಂದ ಅಂಗಡಿಗೆ ಫೋನು ಮಾಡಿದಳು. "ಅಪ್ಪನ ಪಾದ ಊದಿದೆ. ಬೇಡ ಅಂದ್ರೆ ಕೇಳಲ್ಲ. ಸೋಮವಾರದೊಳಗೆ ಗಾಡಿ ಆಗದಿದ್ರೆ ನಾನೇ ಕೆಲಸ ಬಿಟ್ಟುಬಿಡ್ತೀನಿ, ಮುಖ್ಯಸ್ಥರಿಗೆ ಹೇಳಾಯ್ತು. ನಿಮ್ಮನ್ನ ದೂರ್ತಿಲ್ಲ. ಗೊತ್ತಿರಲಿ ಅಂತ ಹೇಳ್ದೆ."

ಭಾನುವಾರ ಸಂಜೆ ಕರಿಯ ಇನ್ನೂರ ನಲವತ್ತಕ್ಕೆ ಬಂದ. ಮೈಲನ ಆ ಒಂದು ಮನೆ ಇನ್ನೂರರಲ್ಲೇ ನಿಂತಿತು, ಮೇಲೇಳಲಿಲ್ಲ. ಕಿಕ್ಕೇರಿಯವರೆಗೆ ಎಳೆದೀತೇ? ಸಾಹೇಬರನ್ನು ಕೇಳಿದೆ. "ಅಲ್ಲಾ ಮಾಲೀಕ್. ನನ್ನ ಯಾಕ್ ಕೇಳ್ತೀಯ, ನೀನು ಮೇಷ್ಟ್ರು," ಎಂದರು. ಆಮೇಲೆ ಸೋಮವಾರ ಬೆಳಿಗ್ಗೆ ಕಿಕ್ಕೇರಿ ಕಡೆ ಹೋಗುವ ಪರಿಚಯದ ಟೆಂಪೊದವನಿಗೆ ಅವರೇ ಹೇಳಿಟ್ಟರು.

ಟೆಂಪೊ ಕಿಕ್ಕೇರಿ ದಾಟಿ ಕೆರೆಯ ಹತ್ತಿರದ ಏರು ಇಳಿಯುವಾಗ ಎದುರಿಗೆ ಅವರು ಕಂಡರು. ಅವತ್ತು ಸೈಕಲ್ಲಲ್ಲ. ಬ್ಯಾಟರಿಯಿಲ್ಲದ ಖಾಲಿ ಗಾಡಿಯ ಮೇಲೆ ಮಂಗಳ, ಹಿಂದಿನಿಂದ ಎರಡು ಕೈ ಕೊಟ್ಟು ತಳ್ಳುತ್ತಿರುವ ಜವರಯ್ಯ. ಬರಿಗಾಲು, ಊದಿದ ಪಾದಕ್ಕೆ ಚಪ್ಪಲಿ ಹಿಡಿಸಿರಲಿಲ್ಲ.

"ಸೈಕಲ್ ಟೈರ್ ಹೊಡ್ದೋಯ್ತು," ಎಂದಳು ಮಂಗಳ. "ಇವತ್ತು ಹೋಗೋದು ಬೇಡ ಅಂದೆ. ಕೇಳ್ಬೇಕಲ್ಲ."

"ಎಷ್ಟೊತ್ತಾಯ್ತಲಾ ಈಗ?" ಎಂದರು ಜವರಯ್ಯ, ಮೊಣಕಾಲು ಹಿಡಿದು ಬಗ್ಗಿ ಉಸಿರು ಎಳೆದುಕೊಳ್ಳುತ್ತ.

ಒಂಬತ್ತಕ್ಕೆ ಹದಿನೈದು ನಿಮಿಷ ಇತ್ತು. ನಾನು ಕೆಳಗಿಳಿದು, ತಾಗಿ ಕಿಡಿ ಹಾರದಿರಲೆಂದು ಕೈಯ ಉಂಗುರ ತೆಗೆದು ಜೇಬಿಗೆ ಹಾಕಿ, ಎರಡು ಬ್ಯಾಟರಿಯನ್ನೂ ಅವುಗಳ ಜಾಗಕ್ಕೆ ಇಳಿಸಿದೆ. ಕರಿಯ ಬಲಕ್ಕೆ, ಮೈಲ ಎಡಕ್ಕೆ. ನೊಗದ ತಂತಿ ಸಿಕ್ಕಿಸುವಾಗ ಅವಸರದಲ್ಲಿ ಸ್ಪ್ಯಾನರು ಜಾರಿ ಬಿತ್ತು. ಜವರಯ್ಯನವರು ಅದನ್ನು ಎತ್ತಿಕೊಟ್ಟರು. ಮಂಗಳ ಹಿಡಿಕೆ ತಿರುಗಿಸಿದಳು, ಗಾಡಿ ಅಲುಗಿತು.

"ನಿಧಾನಕ್ಕೆ ಹತ್ತಿಸಿ," ಎಂದೆ. "ಒಂದೇ ಸಲಕ್ಕೆ ತಿರುಗಿಸಬೇಡಿ. ಮೈಲ ಇನ್ನೂ ಸೋತಿದ್ದಾನೆ."

ಅವಳು ಹೊರಡಲಿಲ್ಲ. ಅಪ್ಪನನ್ನು ನೋಡುತ್ತಿದ್ದಳು. ಆಗ ನನಗೆ ನೆನಪಾಯಿತು, ಅವತ್ತು ಸೋಮವಾರ.

ಜವರಯ್ಯನವರು ಕೆರೆಯ ಕಡೆ ನೋಡಿದರು, ಗಾಡಿಯ ಕಡೆ ನೋಡಿದರು. ಸೀಟಿನ ಪಕ್ಕ ಕೈಯಿಟ್ಟು, ಎತ್ತಿನ ಡುಬ್ಬ ತಟ್ಟುವ ಹಾಗೆ ಎರಡು ಸಲ ತಟ್ಟಿದರು.

"ಓಗ್ಲಿ ಬುಡು," ಎಂದರು. "ವಾರವೆಲ್ಲ ಕೂತ್ಕಂಡು ಮೇದವ್ರೆ."

ಗಾಡಿ ಏರು ಹತ್ತಿತು. ಅರ್ಧದಲ್ಲಿ ಒಂದು ಸಲ ನಿಂತೇಹೋಯಿತು ಎನ್ನುವಷ್ಟು ನಿಧಾನವಾಯಿತು; ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆಗೆದಾಗ ಏರಿನ ತುದಿಯಲ್ಲಿ ಅವಳ ನೇರವಾದ ಬೆನ್ನು ಕಂಡಿತು, ಆಮೇಲೆ ಅದೂ ಕಾಣಲಿಲ್ಲ. ಒಂಬತ್ತಕ್ಕೆ ಎರಡು ನಿಮಿಷ ಇರುವಾಗಲೇ ತಲುಪಿದಳಂತೆ. ಕೆಲಸ ಉಳಿಯಿತು.

ನಾವಿಬ್ಬರೂ ಕೆರೆ ಏರಿಯ ಕಲ್ಲಿನ ಮೇಲೆ ಕೂತೆವು. ನಾನು ಮತ್ತೆ ಹೇಳಿದೆ: ದುಡಿದು ಬಂದ ದಿನವೇ ಚಾರ್ಜಿಗೆ ಹಾಕಬೇಕು, ಶನಿವಾರವಾಗಲಿ ಹಬ್ಬವಾಗಲಿ, ಓಡಿಸದಿದ್ದರೂ ತುಂಬಿಸಿಯೇ ನಿಲ್ಲಿಸಬೇಕು. ಮುಂದೆ ಬದಲಾಯಿಸುವಾಗ ಮೈಲನೊಬ್ಬನನ್ನೇ ಬದಲಾಯಿಸಿದರೆ ಆಗದು, ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು.

"ಅದ್ ಏಳ್ಬೇಡ," ಎಂದರು ಅವರು. "ಮುದಿ ಎತ್ತಿನ ಜೊತೆ ಓರಿ ಕಟ್ಟಿದ್ರೆ ಎರಡೂ ಕೆಡ್ತವೆ." ಆಮೇಲೆ ಏರಿನ ತುದಿ ನೋಡುತ್ತ, "ಇನ್ ಮ್ಯಾಲೆ ಸೋಮಾರಾನೂ ಗಾಡೀಲೇ ಓಯ್ತಾಳೆ ಅನ್ನು," ಎಂದರು.

"ಹೌದು ದೊಡ್ಡಯ್ಯ. ನಿಮಗೆ ತಳ್ಳೋ ಕೆಲಸ ತಪ್ಪಿತು."

ಅವರು ಊದಿದ ಪಾದವನ್ನು ನೀರಿಗೆ ಇಳಿಬಿಟ್ಟು ಕೂತರು.

ಆ ಜೋಡಿ ಮುಂದಿನ ಸಂಕ್ರಾಂತಿಯವರೆಗೂ ಎಳೆಯಿತು. ಆಮೇಲೆ ಮಂಗಳ ತನ್ನ ಸಂಬಳದಲ್ಲೇ ಎರಡು ಹೊಸ ಬ್ಯಾಟರಿ ಹಾಕಿಸಿದಳು. ಹಾಕಿಸಿದ ದಿನ ನನ್ನೊಡನೆ ಒಂದು ಮಾತು ಹೇಳಿದಳು: ಅಪ್ಪ ಮನೆಯಲ್ಲಿ ಮಾತಾಡುವುದೇ ಕಡಿಮೆ, ಸೋಮವಾರ ಸೈಕಲ್ ತಳ್ಳುವಾಗ ಮಾತ್ರ ಊರಿಂದ ಕಿಕ್ಕೇರಿವರೆಗೂ ಬಾಯಿ ಮುಚ್ಚುತ್ತಿರಲಿಲ್ಲ. ಅವಳು ಶಾಲೆಗೆ ಹೋಗುತ್ತಿದ್ದಾಗ ಎತ್ತಿನ ಗಾಡಿಯಲ್ಲಿ ಹೇಳುತ್ತಿದ್ದ ಕತೆಗಳನ್ನೇ ಮತ್ತೆ ಮತ್ತೆ ಹೇಳುತ್ತಿದ್ದರಂತೆ.

ಅಂದಿನಿಂದ ನನಗೆ ಒಂದು ಅನುಮಾನ. ಆ ಸೋಮವಾರಗಳು ನಿಜವಾಗಿ ಬಸವಣ್ಣನಿಗೆ ಬಿಟ್ಟದ್ದೋ, ಇಲ್ಲ ಆ ಆರು ಕಿಲೋಮೀಟರಿಗೋ? ಒಂದು ಸಲ ಧೈರ್ಯ ಮಾಡಿ ಕೇಳಿದ್ದೆ. "ಎತ್ಗೆ ಕಣಪ್ಪ, ಇನ್ಯಾಕೆ?" ಎಂದು ಬೀಡಿ ಹಚ್ಚಲು ಕೊಟ್ಟಿಗೆಯಿಂದ ದೂರ ಎದ್ದುಹೋದರು. ಮೈಲನ ಆ ಒಂದು ಮನೆ ಹಸಿವಿನಿಂದಲೇ ಕೆಟ್ಟಿತೋ, ಮೈಸೂರಿನಿಂದ ಬರುವಾಗಲೇ ಕೆಟ್ಟಿತ್ತೋ, ಅದೂ ನನಗೆ ಗೊತ್ತಿಲ್ಲ. ಒಡೆದು ನೋಡಬಹುದಿತ್ತು. ಹಳೆಯ ಬ್ಯಾಟರಿಗಳನ್ನು ಕರಗಿಸುವವರಿಗೆ ಕಳಿಸುವಾಗ ನಾನು ಒಡೆದು ನೋಡಲಿಲ್ಲ.